ತುಕ್ಕು ಹಿಡಿಯಬೇಕಾದ ಕಬ್ಬಿಣ

ಮುನಿಗಾನಹಳ್ಳಿ, ಬಂಗಾರಪೇಟೆ ತಾಲ್ಲೂಕು
28-10-2025, ಮಂಗಳವಾರ

ಪ್ರೀತಿಯ ತಮ್ಮ ಕಾಂತರಾಜನಿಗೆ,

ನಿನ್ನಕ್ಕ ಮುನಿಲಕ್ಷ್ಮಿಯಿಂದ ಒಂದು ಹಿಡಿ ಆಶೀರ್ವಾದ, ಅದರ ಜೊತೆಗೆ ಒಂದು ಹಿಡಿ ಬೈಗುಳ. ಹೆಂಗಿದ್ದೀಯಾ? ಅಲ್ಲಿ ಮೇಲೆ ಚಳಿ ಶುರುವಾಯ್ತಾ? ಹೋದ ವರ್ಷ ಬೆರಳು ಮರಗಟ್ಟುತ್ತೆ ಅಂದಿದ್ದೆ, ಕಾಲುಚೀಲ ಒಂದರ ಮೇಲೊಂದು ಹಾಕ್ಕೋ, ಯಾರೂ ನಗಲ್ಲ. ಮುದ್ದೆ ಇಲ್ಲದೆ ಸೊರಗಿದ್ದೀಯ ಅಂತ ನಿನ್ನ ಮಿಲಿಟರಿ ಜೊತೆಗಾರ ಚಿರಂಜೀವಿ ಹೇಳಿದ. ರಜೆ ಮುಗಿಸಿ ನಾಳೆ ಬಂಗಾರಪೇಟೆಯಲ್ಲಿ ರೈಲು ಹತ್ತುತ್ತಾನಂತೆ, ಅದಕ್ಕೇ ರಾಗಿ ಹುರಿಹಿಟ್ಟು ಕಟ್ಟಿ ಈ ಕಾಗದದ ಜೊತೆ ಅವನ ಕೈಲೇ ಕಳಿಸ್ತಿದೀನಿ. ಫೋನಲ್ಲಿ ಹೇಳಬಹುದಿತ್ತಲ್ಲ ಅಂತೀಯ. ಭಾನುವಾರ ನೀನು ಮಾತಾಡೋದೇ ಚೂರು, ಅದರಲ್ಲಿ ಅರ್ಧ "ಕೇಳಿಸ್ತಾ, ಕೇಳಿಸ್ತಾ" ಅನ್ನೋದರಲ್ಲೇ ಹೋಗುತ್ತೆ. ಇಲ್ಲಿ ಎದುರಿಗೆ ಅಪ್ಪ ಕೂತಿರ್ತಾನೆ, ಬಾಗಿಲಲ್ಲಿ ಅರ್ಧ ಬೀದಿ ನಿಂತಿರುತ್ತೆ. ಎಲ್ಲಾ ಚೆನ್ನಾಗೈತೆ ಕಣಪ್ಪ ಅಂತ ಸುಳ್ಳು ಹೇಳಿ ಇಡ್ತೀವಿ. ಚಿರಂಜೀವಿ ದಾರೀಲಿ ಈ ಕವರು ಬಿಚ್ಚಿ ಓದ್ತಾನೆ ಅಂತ ನಂಗೆ ಅನುಮಾನ ಇದ್ದೇ ಐತೆ, ಅವರಮ್ಮನಿಗೂ ಅದೇ ಚಾಳಿ. ಲೋ ಚಿರಂಜೀವಿ, ಓದ್ತಿದ್ರೆ ಇಲ್ಲಿಗೇ ನಿಲ್ಲಿಸು, ಹುರಿಹಿಟ್ಟಿನಲ್ಲಿ ನಿಂಗೂ ಪಾಲು ಇಟ್ಟಿದೀನಿ.

ಮೊದಲು ಸುಕನ್ಯಳ ವಿಷಯ ಬರೀತೀನಿ, ಇಲ್ಲಾಂದ್ರೆ ನೀನು ಸಾಲು ಹಾರಿಸಿಕೊಂಡು ಹುಡುಕ್ತೀಯ. ನಿನ್ನ ಹೆಂಡ್ತಿ ಚೆನ್ನಾಗವ್ಳೆ. ಕೂಸು ಒದೀತಾ ಐತೆ. ಮುಖ ತುಂಬ್ಕೊಂಡು ಲಕ್ಷಣವಾಗವ್ಳೆ, ಎಳನೀರು ಅಂದ್ರೆ ಪ್ರಾಣ. ಆದ್ರೆ ದೀಪಾವಳಿಗೆ ಅಂತ ತವರುಮನೆಗೆ ಬೇತಮಂಗಲಕ್ಕೆ ಹೋಗವ್ಳೆ ಅಂತ ನಿನಗೆ ಹೇಳಿದ್ವಲ್ಲ, ಹೋಗಿರೋದು ನಿಜ, ಹಬ್ಬಕ್ಕೆ ಅಂದಿದ್ದು ಸುಳ್ಳು. ಹಬ್ಬ ಮುಗಿದು ವಾರ ಆಗ್ತಾ ಬಂದ್ರೂ ಅವಳು ಯಾಕೆ ಬಂದಿಲ್ಲ ಅಂತ ನೀನು ಕೇಳ್ಲಿಲ್ಲ. ನೀನು ಎಂದೂ ಕೇಳೋನಲ್ಲ, ನಮ್ಮಮ್ಮನ ಹಂಗೆ ಎಲ್ಲಾರ್ನೂ ನಂಬ್ತೀಯ. ನಾನು ಹಂಗಲ್ಲ ಅಂತ ನಿಂಗೆ ಗೊತ್ತು. ಹಾಲಿನ ಡೈರಿಯವನು ಒಂದು ಸಲ ಕೆಮ್ಮಿದ್ರೂ ಯಾಕೆ ಕೆಮ್ಮಿದ ಅಂತ ಯೋಚನೆ ಮಾಡೋಳು ನಾನು. ಈ ಸಲ ಆ ಅನುಮಾನ ನನ್ನ ಎಲ್ಲೆಲ್ಲಿಗೆ ಎಳ್ಕೊಂಡು ಹೋಯ್ತು ಅಂತ ಹೇಳ್ತೀನಿ, ಕೂತ್ಕೊಂಡು ಓದು.

ಗಂಗಮ್ಮನ ಗುಡಿ ಪಕ್ಕದ ಬೋರ್‌ವೆಲ್ಲಲ್ಲಿ ನೀರು ಹಳದಿ ಬಂದಿದ್ದು ನಿನಗೆ ಗೊತ್ತಲ್ಲ, ಅರಿಶಿನದ ಕೈ ಅದ್ದಿ ತೆಗೆದಂಗೆ. ಆಗ ಊರೆಲ್ಲ ಚಾಂಪಿಯನ್ ರೀಫ್ಸ್ ಕಡೆಯ ಚಿನ್ನದ ಗಣಿಯೋರು ಸುರಿದ ಸೈನೈಡ್ ಮಣ್ಣಿನ ದಿಬ್ಬವನ್ನೇ ಬೈದ್ರು. ಗಾಳಿ ಬೀಸಿದ್ರೂ ಅದೇ, ಹಸು ಕಂದು ಹಾಕಿದ್ರೂ ಅದೇ. ಆಮೇಲೆ ನೀರು ತಗೊಂಡು ಹೋಗಿ ಪರೀಕ್ಷೆ ಮಾಡಿದೋರು ದಿಬ್ಬದ್ದಲ್ಲ ಅಂದ್ರು. ಊರಾಚೆ ಬೈಕಿನ ಸಾಮಾನಿಗೆ ಬೆಳ್ಳಿ ಹಂಗೆ ಮಿಂಚು ಹಾಕ್ತಿದ್ದ ಒಂದು ಶೆಡ್ ಇತ್ತಲ್ಲ, ಬಾಗಿಲು ಹಾಕ್ಕೊಂಡು ಓಡಿಹೋದ್ರಲ್ಲ, ಅವರು ತೊಳೆದ ನೀರನ್ನೆಲ್ಲ ಹಿತ್ತಲ ಪಾಳುಬಾವಿಗೆ ಸುರಿದಿದ್ರಂತೆ. ಅದರಲ್ಲಿ ಕ್ರೋಮಿಯಂ ಅಂತ ವಿಷ. ಅದು ನೆಲದೊಳಗೇ ನಡ್ಕೊಂಡು ನಮ್ಮ ಬೋರ್‌ವೆಲ್ಲಿಗೆ ಬಂದೈತೆ. ಶುದ್ಧ ನೀರಿನ ಘಟಕ ಯಾವಾಗ್ಲೋ ಕೆಟ್ಟು ಕೂತೈತೆ, ರಿಪೇರಿಗೆ ಬರ್ತೀವಿ ಅಂದೋರು ಬರ್ಲೇ ಇಲ್ಲ. ಸುಕನ್ಯಳ ಮೊದಲನೇದು ಹೊಟ್ಟೇಲೇ ಹೋಗಿದ್ದು ಆ ಹಳದಿ ನೀರಿನ ವರ್ಷವೇ. ಡಾಕ್ಟ್ರು ನೀರಿಂದಾನೇ ಅಂತ ಹೇಳ್ಲಿಲ್ಲ, ನೀರಿಂದ ಅಲ್ಲ ಅಂತಾನೂ ಹೇಳ್ಲಿಲ್ಲ. ಅದಕ್ಕೇ ಈ ಸಲ ಅವಳ ಬಾಯಿಗೆ ಹೋಗೋ ಒಂದೊಂದು ಲೋಟದ ಮೇಲೂ ನನ್ನ ಕಣ್ಣು.

ನೀನು ರಜೆ ಮುಗಿಸಿ ಹೋದ ಮೇಲೆ ಅಂಬರೀಶ್ ಅಂತ ಒಬ್ಬ ಇಂಜಿನಿಯರ್ ಬಂದ. ಯಾವುದೋ ಸಂಸ್ಥೆಯಂತೆ. ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಬಂದವನೇ ಬೋರ್‌ವೆಲ್ಲಿನ ಫೋಟೋ ಹೊಡ್ಕೊಂಡ. ಫೋಟೋ ಹೊಡೆಯೋರನ್ನ ಕಂಡ್ರೆ ನಂಗೆ ಆಗಲ್ಲ, ಹೊಡ್ಕೊಂಡು ಹೋದೋರು ತಿರುಗಿ ಬಂದಿದ್ದು ನಾನು ನೋಡಿಲ್ಲ. ಇವನು ಮಾತ್ರ ಬಂದ, ಎರಡು ದೊಡ್ಡ ಡ್ರಮ್ಮು, ಜೊತೆಗೆ ಮೂಟೆಗಟ್ಟಲೆ ಕಬ್ಬಿಣದ ಚೂರು ತಂದ. ಲೇತ್ ಮಿಷನ್ನಲ್ಲಿ ಕಬ್ಬಿಣ ಕಡಿಯುವಾಗ ಕೆಳಗೆ ಬೀಳುತ್ತಲ್ಲ, ಅಂಥ ಸಿಪ್ಪೆ. ಅದನ್ನ ಸೋಪಿನಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆಸಿದ. ನಾನು ಮಡಿ ಮಾಡ್ತಾವ್ನೆ ಅಂದ್ಕೊಂಡೆ. ಮರಳಿನ ಜೊತೆ ಕಲಸಿ ಒಂದು ಡ್ರಮ್ಮಿಗೆ, ಬರೀ ಮರಳು ಇನ್ನೊಂದಕ್ಕೆ ತುಂಬಿಸಿ, ಹಳದಿ ನೀರು ಇವೆರಡರೊಳಗೆ ಇಳಿದ್ರೆ ಒಳ್ಳೆ ನೀರಾಗಿ ಆಚೆ ಬರುತ್ತೆ ಅಂದ. ಗುಜರಿಗೆ ಹಾಕೋ ಸಾಮಾನಿನಲ್ಲಿ ನೀರು ಸೋಸಿ ಬಸುರಿಗೆ ಕುಡಿಸು ಅಂತಾನಲ್ಲ, ನಮ್ಮನ್ನ ಏನು ಅಂದ್ಕೊಂಡವ್ನೆ ಅಂತ ನಂಗೆ ರೇಗಿತು. ಬೇರೆ ಎಲ್ಲೂ ಕೊಳ್ಳೋರಿಲ್ಲದ ಕಸ ತಂದು ಇಲ್ಲಿ ಸುರೀತಿದೀಯ ಅಂತ ಎದುರಿಗೇ ಕೇಳಿದೆ. ಅವನು ಬೇಜಾರು ಮಾಡ್ಕೊಳ್ಳಲಿಲ್ಲ. ಈ ವಿಷ ನೀರಲ್ಲಿ ಕರಗಿ ಹಳದಿಯಾಗಿ ಓಡಾಡುವಾಗಲೇ ಕೆಟ್ಟದ್ದು ಅಕ್ಕಾ, ಕಬ್ಬಿಣ ತಾನು ಸವೆದು ಅದರ ಗುಣ ಬದಲಾಯಿಸುತ್ತೆ, ಆಗ ಅದು ಕರಗೋಕಾಗದೆ ಕೆಸರಾಗಿ ಕಬ್ಬಿಣಕ್ಕೇ ಅಂಟ್ಕೊಂಡು ಕೂರುತ್ತೆ ಅಂತ ಬಿಡಿಸಿ ಹೇಳಿದ. ಎಲೆಕ್ಟ್ರಾನು ಅಂತಾನೂ ಏನೋ ಹೇಳಿದ, ಅದನ್ನ ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ.

ನಾನು ನಂಬಿದ್ನಾ? ಇಲ್ಲ. ಬಿಳೀ ಪಿಂಗಾಣಿ ಬಟ್ಟಲು ಎರಡು ತಗೊಂಡೆ. ಡ್ರಮ್ಮಿಗೆ ಹೋಗೋಕೆ ಮುಂಚಿನ ನೀರು ಹಿಡಿಯೋಕೆ ಪಂಪ್‌ಹೌಸಿನ ಆಚೆ ಒಂದು ನಲ್ಲಿ ಇಟ್ಟಿದ್ರು, ಯಾರೂ ಕುಡೀಬಾರದು ಅಂತ ಅದಕ್ಕೆ ಕೆಂಪು ಬಣ್ಣ ಬಳಿದಿದ್ರು. ಆ ನೀರು ಒಂದರಲ್ಲಿ, ಡ್ರಮ್ಮಿಂದ ಬಂದಿದ್ದು ಇನ್ನೊಂದರಲ್ಲಿ. ಒಂದು ಹಳದಿ, ಒಂದು ಬೆಳ್ಳಗೆ. ಅವನು ಇಲ್ಲದಾಗ ನೋಡಿದೆ, ಸಂಜೆ ನೋಡಿದೆ, ಕರೆಂಟು ಬಂದ ಕೂಡಲೇ ನೋಡಿದೆ. ಎಲ್ಲಾ ಸಲಾನೂ ಬೆಳ್ಳಗೇ ಬಂತು. ಆಸ್ಪತ್ರೆಯ ಲ್ಯಾಬಿಗೂ ಕಳಿಸಿ, ಅವರೂ ಪರವಾಗಿಲ್ಲ ಅಂದ ಮೇಲೇ ಸುಕನ್ಯಳಿಗೆ ಕೊಟ್ಟಿದ್ದು. ಡ್ರಮ್ಮು ಇಟ್ಟಿರೋ ಪಂಪ್‌ಹೌಸಿನ ಬೀಗದಕೈ ಯಾರ ಹತ್ರ ಇರಬೇಕು ಅಂತ ಪಂಚಾಯ್ತೀಲಿ ಮಾತು ಬಂದಾಗ ಎಲ್ಲಾರೂ ಅಪ್ಪನ ಹೆಸರು ಹೇಳಿದ್ರು. ಕೋದಂಡಪ್ಪನ ಕೈಗೆ ಕೊಟ್ಟ ವಸ್ತು ಹಾಳಾಗಲ್ಲ ಅಂತ ಊರಿಗೇ ಗೊತ್ತಲ್ಲ. ಬೀಗದಕೈಯನ್ನ ಉಡುದಾರಕ್ಕೆ ಕಟ್ಕೊಂಡ. ನನ್ನ ಮೊಮ್ಮಗಳಿಗೆ ಕಾವಲು ನಾನೇ ಅಂತ ಎಲ್ಲಾರ ಹತ್ರಾನೂ ಹೇಳ್ಕೊಂಡು ಓಡಾಡ್ತಿದ್ದ. ಹೆಣ್ಣೇ ಅಂತ ಅದ್ಯಾರು ಹೇಳಿದ್ರೋ ಅವನಿಗೆ.

ಆಯುಧಪೂಜೆ ಆಯ್ತು. ಡ್ರಮ್ಮುಗಳಿಗೂ ಚೆಂಡುಹೂವಿನ ಹಾರ ಹಾಕಿ, ಕುಂಕುಮ ಇಟ್ಟು, ಬೂದುಗುಂಬಳ ಒಡೆದ್ವಿ. ಅದಾಗಿ ಸ್ವಲ್ಪ ದಿನಕ್ಕೆ ಒಂದು ಬೆಳಗ್ಗೆ ನನ್ನ ಬಟ್ಟಲಲ್ಲಿ ನೀರು ನೋಡ್ತೀನಿ, ಬೆಳ್ಳಗಿಲ್ಲ! ತೆಳುವಾಗಿ ಹಳದಿ ತಿರುಗಿತ್ತು. ಬಟ್ಟಲು ತೊಳೆದು ಮತ್ತೆ ಹಿಡಿದೆ, ಮತ್ತೂ ಹಳದಿ. ಹಬ್ಬದ ಗಡಿಬಿಡೀಲಿ ನಾನೇ ಕೆಲವು ದಿನ ನೋಡದೆ ಬಿಟ್ಟಿದ್ದೆ. ಸ್ಟೀಲ್ ಬಿಂದಿಗೇಲಿ, ಅಡುಗೆಮನೆ ಕತ್ತಲಲ್ಲಿ ಯಾರಿಗೆ ಕಾಣುತ್ತೆ? ಓಡ್ಹೋಗಿ ಅವಳ ಬಿಂದಿಗೆ ನೋಡಿದ್ರೆ ಅರ್ಧ ಖಾಲಿಯಾಗಿತ್ತು. ಏನಕ್ಕಾ ಅಂದ್ಲು. ಇದರಲ್ಲಿ ಹಲ್ಲಿ ಬಿದ್ದೈತೆ ಕಣೇ ಅಂತ ಸುಳ್ಳು ಹೇಳಿ ಚೆಲ್ಲಿದೆ. ಆಚೆ ಬಂದು ಅಪ್ಪನ ಮುಂದೆ ಅತ್ತುಬಿಟ್ಟೆ.

ಅಪ್ಪ, ನಾನು ಇಬ್ರೂ ಕೂತು ಯಾರು ಮಾಡಿದ್ದಿದು ಅಂತ ಯೋಚನೆ ಮಾಡಿದ್ವಿ. ಇಬ್ಬರ ಬಾಯಲ್ಲೂ ಒಂದೇ ಹೆಸರು ಬಂತು. ವಿಜಯಕುಮಾರ್. ಟ್ಯಾಂಕರ್ ನೀರು ಮಾರೋನು. ಡ್ರಮ್ಮು ಬಂದ ಮೇಲೆ ಅವನ ಟ್ಯಾಂಕರಿನ ಹಾರ್ನು ನಮ್ಮ ಬೀದೀಲಿ ಕೇಳಿಸ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಅವನು ಪಂಪ್‌ಹೌಸ್ ಹತ್ರ ಗಾಡಿ ನಿಲ್ಲಿಸಿದ್ದನ್ನ ನಾನೇ ನನ್ನ ಕಣ್ಣಾರೆ ನೋಡಿದ್ದೆ. ಊರಿಗಾಂ ಕಡೆ ಹಳೇ ಗಣಿ ಕಂಪನಿ ಕಬ್ಬಿಣ ರಾತ್ರೋರಾತ್ರಿ ಕಾಣೆಯಾಗೋದು ನಿಂಗೆ ಗೊತ್ತೇ ಐತಲ್ಲ, ಹಂಗೇ ನಮ್ಮ ಕಬ್ಬಿಣ ಕದ್ದು ಗುಜರಿಗೆ ಹಾಕಿ ಬರೀ ಮರಳು ಬಿಟ್ಟವ್ನೆ ಅಂತ ಅಪ್ಪನೇ ಅಂದ. ನಾನು ಕೇಳ್ಬೇಕಾ? ಗಂಗಮ್ಮನ ಗುಡಿ ಮುಂದೆ ನಿಂತು, ಬಸುರಿ ನೀರಿಗೆ ಕೈ ಹಾಕಿದೋನ ವಂಶ ನಿರ್ವಂಶ ಆಗ್ಲಿ ಅಂತ ವಿಜಯಕುಮಾರನ ಹೆಸರೆತ್ತಿ ಮಣ್ಣು ತೂರಿದೆ. ಬೀದಿಯೆಲ್ಲ ನನ್ನ ಹಿಂದೆ ನಿಂತ್ಕೊಂತು. ಅವನ ಹೆಂಡ್ತಿ ಬಾಗಿಲು ಹಾಕ್ಕೊಂಡ್ಲು. ಅವನು ಮಾತ್ರ ಬಂದು ದೂರದಲ್ಲಿ ನಿಂತು, "ಇಂಜಿನಿಯರ್‌ನ ಕರೆಸು ಅಕ್ಕಾ, ಡ್ರಮ್ಮು ಬಿಚ್ಚಿಸು, ಎಲ್ಲಾರ ಮುಂದೆ ನೋಡಾಣ" ಅಂದ. ಇಷ್ಟು ಧೈರ್ಯ ಯಾಕೆ ಇವನಿಗೆ, ಇಂಜಿನಿಯರೂ ಇವನೂ ಒಂದೇ ಇರಬೇಕು ಅಂತ ನಂಗೆ ಇನ್ನೂ ಅನುಮಾನ ಜಾಸ್ತಿ ಆಯ್ತು.

ಅಂಬರೀಶ್ ಮಾರನೇ ದಿನ ಬಂದ. ಊರೇ ಸೇರಿತ್ತು. ಅಪ್ಪ ಉಡುದಾರದಿಂದ ಬೀಗದಕೈ ಬಿಚ್ಚಿ ಕೊಟ್ಟ. ಮುಚ್ಚಳ ತೆಗೆದ್ರೆ ಕಬ್ಬಿಣ ಹಂಗೇ ಐತೆ, ಒಂದು ಹಿಡಿನೂ ಹೋಗಿಲ್ಲ. ಅಂಬರೀಶ್ ಕೈ ಹಾಕಿ ಒಂದಷ್ಟು ತೆಗೆದು, ಬೆರಳಲ್ಲಿ ಉಜ್ಜಿ, ಮೂಗಿನ ಹತ್ರ ಹಿಡಿದ. ಅವನ ಮುಖ ಬದಲಾಯ್ತು. ಇದಕ್ಕೆ ಎಣ್ಣೆ ಹಾಕಿದ್ದು ಯಾರು ಅಂತ ಕೇಳಿದ. ನಾನು ತಿರುಗಿ ವಿಜಯಕುಮಾರನ ಕಡೆ ಕೈ ತೋರಿಸ್ಬೇಕು ಅನ್ನೋಷ್ಟರಲ್ಲಿ ನಮ್ಮಪ್ಪ ಮುಂದೆ ಬಂದ. ಎದೆ ಮುಂದೆ ಮಾಡ್ಕೊಂಡು ಬಂದ ಕಣ್ಲಾ. "ನಾನೇ ಆಕಿದ್ದು ಕಣಯ್ಯ, ಇನ್ಯಾರ್ ಆಕ್ತಾರೆ? ನೀವು ಬುಟ್ಬುಟ್ಟು ಓದ್ರಿ, ನೋಡೋರಿಲ್ದೆ ಎಲ್ಲಾ ತುಕ್ಕಿಡ್ದಿತ್ತು. ಅಬ್ಬಕ್ಕೆ ಮುಂಚೆ ತೊಳ್ದು, ಬಿಸ್ಲಿಗಾಕಿ, ಅಳ್ಳೆಣ್ಣೆ ಅಚ್ಚಿ ಇಟ್ಟಿವ್ನಿ. ನನ್ ಸೊಸೆ ಕುಡಿಯೋ ನೀರಯ್ಯ ಅದು" ಅಂದ. ಅವನು ಮುಚ್ಚಿಟ್ಟಿರಲಿಲ್ಲ. ಕಬ್ಬಿಣಕ್ಕೆ ಎಣ್ಣೆ ಹಚ್ಚಿದೆ ಅಂತ ಯಾರಾದ್ರೂ ಊರಿಗೆ ಸಾರ್ತಾರಾ? ಗುದ್ದಲಿ, ಕುಡುಗೋಲು, ನೇಗಿಲಿನ ಗುಳ, ವರ್ಷಾ ವರ್ಷಾ ಆಯುಧಪೂಜೆಗೆ ತೊಳೆದು ಎಣ್ಣೆ ಹಚ್ಚಿ ಇಡೋ ಕೈ ಅದು. ತುಕ್ಕು ಕಂಡ್ರೆ ಸುಮ್ಮನಿರುತ್ತಾ?

ಅಂಬರೀಶ್ ಕೈಲಿದ್ದ ಕಬ್ಬಿಣಾನ ವಾಪಸ್ ಡ್ರಮ್ಮಿಗೆ ಹಾಕಿದ. ಆಮೇಲೆ ಮೆಲ್ಲಗೆ, "ತಾತಾ, ಈ ಕಬ್ಬಿಣ ತುಕ್ಕು ಹಿಡೀಲೇಬೇಕು. ಹಿಡೀತಾ ಹಿಡೀತಾನೇ ವಿಷ ಕಳೆಯೋದು. ಎಣ್ಣೆ ಹಚ್ಚಿದ್ರೆ ನೀರು ಅದನ್ನ ಮುಟ್ಟಲ್ಲ, ಹಳದಿ ಹಂಗೇ ಆಚೆ ಬರುತ್ತೆ" ಅಂದ. ಮೊದಲು ತಂದಾಗ ಸೋಪು ಹಾಕಿ ತೊಳೆದಿದ್ದೂ ಮಿಷನ್ನಿನ ಎಣ್ಣೆ ಹೋಗ್ಲಿ ಅಂತಾನೇ ಅಂತೆ. "ನಾನೇ ಹೇಳ್ಬೇಕಿತ್ತು, ತಪ್ಪು ನಂದು" ಅಂತ ಅಪ್ಪನ ಕೈ ಹಿಡ್ಕೊಂಡ. ಅಪ್ಪನಿಗೆ ಅದು ಕೇಳಿಸ್ತೋ ಇಲ್ವೋ. ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡ್ತಾ ನಿಂತಿದ್ದ. ಬೀದಿಯೋರು ಒಬ್ಬೊಬ್ರೇ ಜಾಗ ಖಾಲಿ ಮಾಡಿದ್ರು. ಅಯ್ಯೋ ಕಾಂತ, ಆ ಮುಖ ನೀನು ನೋಡದೆ ಇದ್ದಿದ್ದೇ ಒಳ್ಳೇದಾಯ್ತು.

ಅವತ್ತೇ ಸುಕನ್ಯಳನ್ನ ಕೋಲಾರದ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ರಕ್ತ ತಗೊಂಡ್ರು, ಸ್ಕ್ಯಾನ್ ಮಾಡಿದ್ರು. ಕೂಸು ಚೆನ್ನಾಗಿ ಆಡ್ತಾ ಐತೆ, ಬೆಳವಣಿಗೆ ಸರಿಯಾಗೈತೆ, ಕುಡಿದಿದ್ದು ಸ್ವಲ್ಪ ದಿನ ತಾನೇ, ಹೆದರ್ಬೇಡಿ, ಮುಂದಿನ ತಿಂಗಳು ಮತ್ತೆ ಬನ್ನಿ ಅಂದ್ರು ಡಾಕ್ಟ್ರಮ್ಮ. ನಿನ್ನಾಣೆ, ಅವರು ಹೇಳಿದ್ದನ್ನ ಒಂದಕ್ಷರ ಬದಲಾಯಿಸದೆ ಬರೆದಿದೀನಿ. ವಿಷಯ ಗೊತ್ತಾಗಿ ನಿಮ್ಮತ್ತೆ ಬೇತಮಂಗಲದಿಂದ ಬಂದ್ರು. "ಮಾ ಪಿಲ್ಲನಿ ಮೇಮೇ ಚೂಸುಕುಂಟಾಂ" ಅಂತ ತೆಲುಗಲ್ಲಿ ಒಂದೇ ಮಾತು ಹೇಳಿ, ನಮ್ಮ ಹುಡುಗೀನ ನಾವೇ ನೋಡ್ಕೊಂತೀವಿ ಅಂತ ಕರ್ಕೊಂಡು ಹೊರಟೇಬಿಟ್ರು. ನಂಗೆ ಕೋಪ ಬಂತು, ಆದ್ರೆ ಅವರ ಜಾಗದಲ್ಲಿ ನಾನಿದ್ರೆ ಇನ್ನೂ ಜಾಸ್ತಿ ಕೂಗಾಡ್ತಿದ್ದೆ. ಸುಕನ್ಯ ಹೋಗುವಾಗ ಅಪ್ಪನ ಕಾಲಿಗೆ ನಮಸ್ಕಾರ ಮಾಡಿದ್ಲು. ಏನೂ ಅನ್ಲಿಲ್ಲ, ಮುಖ ಸಿಂಡರಿಸ್ಲಿಲ್ಲ, ಬಂಗಾರದಂಥ ಹುಡುಗಿ. ಅಪ್ಪ ಕಾಲು ಹಿಂದಕ್ಕೆಳ್ಕೊಂಡ.

ಈಗ ಡ್ರಮ್ಮಿಗೆ ಹೊಸ ಕಬ್ಬಿಣ ಬಂದೈತೆ. ನೀರು ಮತ್ತೆ ಬೆಳ್ಳಗೆ ಬರ್ತಾ ಐತೆ, ಲ್ಯಾಬಿನವರೂ ಪರವಾಗಿಲ್ಲ ಅಂದವ್ರೆ. ನಾನು ಎರಡು ಹೊತ್ತೂ ಬಟ್ಟಲು ಹಿಡ್ಕೊಂಡು ಹೋಗ್ತೀನಿ. ಬೀಗದಕೈ ಬೇಡ ಅಂತ ಅಪ್ಪನೇ ವಾಪಸ್ ಕೊಟ್ಟ, ಈಗ ಪಂಪ್ ಬಿಡೋ ಪೆರುಮಾಳ್ ಹತ್ರ ಐತೆ. ವಿಜಯಕುಮಾರ್ ವಿಷಯ ಕೇಳು. ಹೊಸ ಕಬ್ಬಿಣ ಬರೋತನಕ ನಮ್ಮ ಮನೆ ತೊಟ್ಟಿಗೆ ಟ್ಯಾಂಕರ್ ತಂದು ನೀರು ಬಿಟ್ಟು ಹೋಗ್ತಿದ್ದ. ಕೂಗೂ ಇಲ್ಲ, ಮಾತೂ ಇಲ್ಲ, ದುಡ್ಡು ಕೊಡೋಕೆ ಹೋದ್ರೆ ತಗೊಳ್ಳಲೂ ಇಲ್ಲ. ನಾನು ಹೋಗಿ ಅವನ ಹೆಂಡ್ತಿ ಮುಂದೆ ಕೈ ಮುಗಿದೆ, ಅವಳು ಕಾಫಿ ಕೊಟ್ಲು. ಆದ್ರೂ ಇಷ್ಟೊಂದು ಒಳ್ಳೇತನ ಯಾಕೆ ತೋರಿಸ್ತಾವ್ನೆ ಅಂತ ಒಳಗೊಳಗೇ ನಂಗೆ ಅನುಮಾನ, ಪಂಚಾಯ್ತಿ ಎಲೆಕ್ಷನ್‌ಗೆ ನಿಲ್ತಾನೇನೋ. ನಗಬೇಡ.

ಅಪ್ಪನ ಮೇಲೂ ಅನುಮಾನ ಹೋಗಿಲ್ಲ ನಂಗೆ. ನಾವ್ಯಾರೂ ಅವನಿಗೆ ಒಂದು ಮಾತು ಅಂದಿಲ್ಲ. ಪಾಪ, ಪ್ರೀತಿಯಿಂದ ಮಾಡಿದ್ದು ಅಂತ ನಾನೂ ಸುಮ್ನಾದೆ, ನಿನ್ನ ಭಾವನೂ ಸುಮ್ನಾದ್ರು, ಬೀದಿಯೋರೂ ಅವನನ್ನ ಕಂಡ್ರೆ ಮಳೆ ಬೆಳೆ ಮಾತಾಡ್ತಾರೆ. ಆದ್ರೆ ಅವನು ಬೆಳಗ್ಗೆ ಎಲ್ಲಾರಿಗಿಂತ ಮುಂಚೆ ಎದ್ದು ಚೊಂಬು ಹಿಡ್ಕೊಂಡು ಪಂಪ್‌ಹೌಸ್ ಕಡೆ ಹೋಗ್ತಾನೆ. ಎಲ್ಲಿಗಪ್ಪಾ ಅಂದ್ರೆ ಬಯಲಿಗೆ ಅಂತಾನೆ, ಮನೇಲಿ ಕಕ್ಕಸು ಕಟ್ಟಿಸಿ ಎಷ್ಟು ಕಾಲ ಆಯ್ತು! ಹಠಮಾರಿ, ಆ ಇಂಜಿನಿಯರ್ ಮಾತು ನಂಬದೆ ಮತ್ತೆ ಕಬ್ಬಿಣಕ್ಕೆ ಏನೋ ಮಾಡೋಕೆ ಹೋಗ್ತಾವ್ನೆ ಅಂತ ನನ್ನ ಅನುಮಾನ. ನಾಳೆ ಬೆಳಗ್ಗೆ ಹಿಂದೇನೇ ಹೋಗಿ ಹಿಡೀತೀನಿ.

ಹುರಿಹಿಟ್ಟನ್ನ ಬಿಸಿನೀರಲ್ಲಿ ಕಲಸ್ಕೊಂಡು ತಿನ್ನು, ಬೆಲ್ಲ ಬೇರೆ ಕಟ್ಟಿದೀನಿ. ಬಂದೂಕು ಹಿಡಿದ ಕೈ ಹುಷಾರು. ಗಂಗಮ್ಮ ನಿನ್ನನ್ನೂ, ಬೇತಮಂಗಲದಲ್ಲಿರೋ ಆ ಎರಡು ಜೀವವನ್ನೂ ನೆರಳಲ್ಲಿ ಇಟ್ಟಿರಲಿ. ನಿನ್ನ ಭಾವ ಕೇಳಿದೆ ಅಂತ ತಿಳಿಸೋಕೆ ಹೇಳಿದ್ರು.

ನಿನ್ನ ಅಕ್ಕ,
ಮುನಿಲಕ್ಷ್ಮಿ

ಬರೆಯೋದು ಬಿಟ್ಟಿದ್ದು: ಬುಧವಾರ ಬೆಳಗ್ಗೆ. ಚಿರಂಜೀವಿ ಆಟೋ ತಂದು ಬಾಗಿಲಲ್ಲಿ ನಿಂತವ್ನೆ, ಬೇಗ ಬೇಗ ಬರೀತಿದೀನಿ, ಅಕ್ಷರ ಹೆಂಗಿದ್ರೂ ಓದ್ಕೋ. ಈಗ ಅಪ್ಪನ ಹಿಂದೆ ಹೋಗಿದ್ದೆ. ಅವನು ಡ್ರಮ್ಮಿನ ಹತ್ರಾನೇ ಹೋಗ್ಲಿಲ್ಲ. ಆ ಕೆಂಪು ಬಣ್ಣದ ನಲ್ಲಿ ಮುಂದೆ ಕುಕ್ಕರುಗಾಲಲ್ಲಿ ಕೂತು, ಚೊಂಬಿನಲ್ಲಿ ಹಳದಿ ನೀರು ಹಿಡಿದು ಗಟಗಟ ಕುಡೀತಿದ್ದ. ಚೊಂಬು ಕಿತ್ಕೊಂಡು ಬಿಸಾಕಿದೆ. "ಆ ಕೂಸಿಗೆ ನಾನು ಕುಡಿಸಿದ್ದು ಇದೇ ತಾನೆ? ಅದುಕ್ಕೇನಾಯ್ತದೋ ನಂಗೂ ಆಗ್ಲಿ ಬುಡು" ಅಂದ. ಸುಕನ್ಯ ಹೋದಾಗಿಂದ ದಿನಾ ಕುಡೀತಾವ್ನಂತೆ ಕಣ್ಲಾ. ಪೆರುಮಾಳ್‌ಗೆ ಹೇಳಿ ಆ ನಲ್ಲಿ ಕಟ್ಟಿಸ್ತೀನಿ, ಆಸ್ಪತ್ರೆಗೆ ಇವತ್ತೇ ಎಳ್ಕೊಂಡು ಹೋಗ್ತೀನಿ, ಆದ್ರೆ ಅವನ ಮನಸ್ಸಿಗೆ ನಾನೇನು ಮಾಡ್ಲಿ? ಈ ಕಾಗದ ಸಿಕ್ಕಿದ ಮೇಲೆ ಬೇತಮಂಗಲಕ್ಕೆ ಫೋನ್ ಮಾಡ್ಬೇಡ, ಮೊದಲು ಇಲ್ಲಿಗೆ ಮಾಡು, ಅಪ್ಪನಿಗೆ ಕೊಡು ಅನ್ನು. ಸಮಾಧಾನ ಹೇಳ್ಬೇಡ, ಪರವಾಗಿಲ್ಲ ಅನ್ನಲೇಬೇಡ, ನಾವೆಲ್ಲ ಅದನ್ನೇ ಹೇಳಿ ಹೇಳಿ ಅವನನ್ನ ಅಲ್ಲಿಗೆ ಕೂರಿಸಿದ್ದು. ನನ್ನ ಮಗೂಗೆ ಯಾಕೆ ಹಿಂಗೆ ಮಾಡಿದೆ ಅಂತ ಬಾಯಿ ತುಂಬ ಬೈದುಬಿಡು. ಕೂಸಿನ ಅಪ್ಪ ನೀನು, ನೀನು ಬೈದ್ರೇನೇ ಅವನು ಕುಡಿಯೋದು ಬಿಡೋದು.